ಎಡಗಾಲಿನ ಪೆಡಲು

ಡಿಸೆಂಬರ್ 4, ಸೋಮವಾರ

ಹೋಗಿ ಬಂದೆ. ಎಂಟೂಕಾಲಿಗೆ ಮನೆ. ಕೆರೆ ದಂಡೆ, ಪಂಪ್‌ಹೌಸ್ ತಿರುವು, ಅಲ್ಲಿಂದ ನೀರಿನ ಟ್ಯಾಂಕಿನ ದಿಬ್ಬ. ದಿಬ್ಬಕ್ಕೆ ಮೂರು ತಿರುವು. ಎರಡನೆಯದರಲ್ಲೇ ಕಾಲು ಊರಿದೆ. ಉಳಿದದ್ದನ್ನು ಸೈಕಲ್ ತಳ್ಳಿಕೊಂಡು ಹತ್ತಿದೆ. ಇವರಿಗೆ ಮಾತ್ರ ‘ತುದಿವರೆಗೂ ತುಳಿದೆ, ಇಳೀಲೇ ಇಲ್ಲ’ ಅಂದೆ. ಗಂಡನಿಗೆ ಎಲ್ಲವನ್ನೂ ಹೇಳಬೇಕೆಂದು ಎಲ್ಲಿ ಬರೆದಿದೆ?

ಈ ಸಲ ಚಳಿ ಇದೆ ಅನ್ನುವುದಕ್ಕೆ ಇದೆ, ಅಷ್ಟೆ. ಸ್ವೆಟರ್ ಹಾಕಿದರೆ ಬೆವರು, ತೆಗೆದರೆ ನಡುಕ. ಕೆರೆಯ ಮೇಲೆ ಮೊಣಕಾಲೆತ್ತರ ಮಂಜು. ನೀರುಹಕ್ಕಿಗಳ ತಲೆ ಮಾತ್ರ ಕಾಣುತ್ತಿತ್ತು, ಮೈ ಮನೆಯಲ್ಲಿ ಬಿಟ್ಟು ಬಂದ ಹಾಗೆ. ಏಳೂವರೆಗೆ ಬಿಸಿಲು ಬಂತು. ಬೆನ್ನಿಗೆ ಬಿದ್ದ ಬಿಸಿಲು ಯಾವ ಮಾತ್ರೆಗಿಂತಲೂ ಮೇಲು.

ಈ ಡೈರಿ ಮಗಳು ಕೊಟ್ಟದ್ದು. ದಿನವೂ ಬಿಪಿ ಬರೆಯಬೇಕಂತೆ. ಅವಳದು ಲ್ಯಾಬಿನಲ್ಲಿ ಕೆಲಸ. ಹಗಲೆಲ್ಲ ಊರವರ ರಕ್ತ ತೆಗೆದು ಬರುತ್ತಾಳೆ, ಸಂಜೆ ನನ್ನದು ಕುಡಿಯುತ್ತಾಳೆ. ಬಿಪಿ ಬರೆಯುವುದಿಲ್ಲ. ನನಗೇನು ಬೇಕೋ ಅದನ್ನು ಬರೆಯುತ್ತೇನೆ.

ಡಿಸೆಂಬರ್ 7, ಗುರುವಾರ

ಇವತ್ತು ಎರಡನೇ ತಿರುವು ದಾಟಿದೆ. ಮೂರನೆಯದರಲ್ಲಿ ಉಸಿರು ಕಟ್ಟಿತು. ದಿಬ್ಬದ ಮೇಲಿಂದ ನೋಡಿದರೆ ಊರು ಅಂಗೈಯಷ್ಟು. ನಮ್ಮ ತಾರಸಿಯೂ ಕಾಣುತ್ತದೆ. ಬೇಸಿಗೆ ಬಂದರೆ ದಿಬ್ಬದ ರಸ್ತೆಯಲ್ಲಿ ನಿಲ್ಲಲಾಗದು, ಟಾರು ಕರಗುತ್ತದೆ. ಅಷ್ಟರೊಳಗೆ ಒಂದು ದಿನವಾದರೂ ಕಾಲೂರದೆ ಹತ್ತಬೇಕು. ಹತ್ತಿಯೇ ಸೈ.

ವಾಪಸು ಬರುವಾಗ ಪಂಪ್‌ಹೌಸ್ ತಿರುವಿನಲ್ಲಿ ಕೈ ಬೀಸಿದೆ. ನಾನು ಫ್ಯಾಕ್ಟರಿಗೆ ಹೋಗುತ್ತಿದ್ದಾಗಿನ ರೂಢಿ. ಇವರು ತಾರಸಿಯ ಮೇಲೆ ಟೀ ಲೋಟ ಹಿಡಿದು ನಿಂತಿರುತ್ತಾರೆ, ಕೈ ಬೀಸುತ್ತಾರೆ, ಆಮೇಲೆ ಕೆಳಗಿಳಿದು ನನ್ನ ಟೀ ಬಿಸಿಗಿಡುತ್ತಾರೆ. ಇವತ್ತು ನಿಂತಿದ್ದರು, ಬೀಸಲಿಲ್ಲ. ಮೂರು ಸಲ ಬೀಸಿದೆ. ಕಂಬದ ಹಾಗೆ ನಿಂತಿದ್ದರು. ಏನು ಕೊಬ್ಬೋ! ಟೀ ಕೂಡ ತಣ್ಣಗಿತ್ತು.

ಡಿಸೆಂಬರ್ 13, ಬುಧವಾರ

ಬಿದ್ದೆ. ಇಲ್ಲಿ ಬರೆಯುತ್ತೇನೆ, ಬಾಯಿ ಬಿಡುವುದಿಲ್ಲ. ದಂಡೆಯ ಮೇಲೆ ನಾಯಿ ಅಡ್ಡ ಬಂತು. ಅದು ಎದ್ದು ಮೈ ಕೊಡವಿ ಹೋಯಿತು. ನಾನೂ ಅಷ್ಟೇ. ಮೊಣಕೈ ತರಚಿದೆ. ತುಂಬುತೋಳಿನ ಸ್ವೆಟರ್ ಇರುವುದು ಇದಕ್ಕೇ ತಾನೆ.

ಸಂಜೆ 6

ಮುಚ್ಚಿಟ್ಟದ್ದು ದಂಡ. ಎದುರು ಮನೆಯ ರೇಡಿಯೋ ನೋಡಿಬಿಟ್ಟಿದ್ದಾಳೆ. ಹೆಸರಿಟ್ಟವಳು ನಾನೇ. ಬೆಳಿಗ್ಗೆ ಐದಕ್ಕೆ ಶುರುವಾದರೆ ಬಂದ್ ಮಾಡುವ ಗುಂಡಿಯೇ ಇಲ್ಲ. ಮಗಳು ಮಹಡಿಯಿಂದ ದಡದಡ ಇಳಿದು ಬಂದಳು.

‘ಅಮ್ಮ, ನಿನಗೆ ಅರವತ್ತೇಳು!’

‘ಗೊತ್ತು. ಹುಟ್ಟುವಾಗ ನಾನೂ ಅಲ್ಲೇ ಇದ್ದೆ.’

‘ಸೊಂಟ ಮುರ್ಕೊಂಡ್ರೆ ಏನ್ ಮಾಡ್ತೀಯ?’

‘ಮುರಿದಾಗ ನೋಡೋಣ. ಈಗ ನೆಟ್ಟಗಿದೆ.’

‘ಇನ್ನೊಂದ್ಸಲ ಬಿದ್ದೆ ಅಂತ ಕೇಳ್ದೆ ಅಂದ್ರೆ ಸೈಕಲ್ ಗುಜರಿಗೆ. ಆಮೇಲೆ ಹೇಳ್ಲಿಲ್ಲ ಅನ್ಬೇಡ.’

ಇವರು ಮೂಲೆಯಲ್ಲಿ ಕೂತು ನೆಲ ನೋಡುತ್ತಿದ್ದರು. ಅವಳು ಹೋದ ಮೇಲೆ ಮೆಲ್ಲಗೆ, ‘ನಿಧಾನಕ್ಕಾದ್ರೂ ಹೋಗ್ಬಹುದಲ್ವೇನೇ?’

‘ನಿಧಾನಕ್ಕೆ ಹೋದ್ರೆ ಸೈಕಲ್ ಬೀಳುತ್ತೆ ರೀ. ಅದರ ಜಾಯಮಾನವೇ ಹಾಗೆ.’

ನಕ್ಕಾರೆಂದುಕೊಂಡೆ. ನಗಲಿಲ್ಲ.

ಡಿಸೆಂಬರ್ 21, ಗುರುವಾರ

ಮೊಣಕೈ ವಾಸಿ. ವಾರದಿಂದ ತಪ್ಪದೆ ಹೋಗುತ್ತಿದ್ದೇನೆ. ದಂಡೆಯ ಪಕ್ಕದ ಮರಗಳೆಲ್ಲ ಎಲೆ ಉದುರಿಸಿವೆ. ಚಕ್ರದ ಕೆಳಗೆ ಹಪ್ಪಳ ಮುರಿದ ಸದ್ದು. ಬೇಕೆಂದೇ ರಾಶಿಗಳ ಮೇಲೆ ಹಾಯಿಸಿದೆ. ಯಾರು ಕೇಳುತ್ತಾರೆ?

ಮಧ್ಯಾಹ್ನ ಮಲಗೆದ್ದು ನೋಡಿದರೆ ಇವರ ಬಲಗೈಯ ಎರಡು ಗೆಣ್ಣಿಗೆ ಬಟ್ಟೆ ಸುತ್ತಿದೆ.

‘ಏನ್ರೀ ಇದು?’

‘ಡಬ್ಬದ ಮುಚ್ಚಳ ತಾಗ್ತು.’

‘ಮುಚ್ಚಳ ತೆಗೆಯೋಕೂ ಬರದೆ ಇಷ್ಟು ವರ್ಷ ಹೇಗೆ ಬದುಕಿದ್ರಿ?’ ಅಂದೆ. ಇವರು ಕಚೇರಿಯ ಕಡತದ ಕೋಣೆಯಲ್ಲಿ ಗುಮಾಸ್ತರಾಗಿದ್ದವರು. ಕೈಗೆ ಪೆನ್ನು ಬಿಟ್ಟರೆ ಬೇರೆ ಹತಾರ ಗೊತ್ತಿಲ್ಲ. ಮನೆಯಲ್ಲಿ ಉಪ್ಪಿನ ಡಬ್ಬಕ್ಕೂ ಚೀಟಿ, ಸಕ್ಕರೆಗೂ ಚೀಟಿ. ನನ್ನ ಹಣೆಗೊಂದು ಅಂಟಿಸಿಲ್ಲ, ಪುಣ್ಯ.

ಡಿಸೆಂಬರ್ 22, ಶುಕ್ರವಾರ. ಬೆಳಿಗ್ಗೆ 6.30

ಸೈಕಲ್ಲಿಗೆ ಬಲಗಡೆಯ ಪೆಡಲಿಲ್ಲ!

ಮುರಿದಿಲ್ಲ. ಬಿಚ್ಚಿದ್ದಾರೆ. ನೇರ ಮಹಡಿ ಹತ್ತಿದೆ.

ಬೆಳಿಗ್ಗೆ 8

ಮಗಳನ್ನು ಹಾಸಿಗೆಯಿಂದ ಎಬ್ಬಿಸಿ ಬೈದೆ. ಅಳಿಯ ಬಾಯಲ್ಲಿ ಬ್ರಷ್ ಇಟ್ಟುಕೊಂಡೇ ಬಚ್ಚಲಿಗೆ ಓಡಿದ. ಅವಳು ಕಣ್ಣುಜ್ಜಿಕೊಂಡು ಪೂರ್ತಿ ಕೇಳಿಸಿಕೊಂಡಳು.

‘ಮುಗೀತಾ? ನಾನಾಗಿದ್ರೆ ಇಡೀ ಸೈಕಲ್ಲನ್ನೇ ಎತ್ತಿ ಹಾಕ್ತಿದ್ದೆ. ಒಂದು ಪೆಡಲ್ ಕದಿಯೋ ಕೆಲಸ ನನ್ನದಲ್ಲಮ್ಮ.’

ಅದು ನಿಜ. ನನ್ನ ಹೊಟ್ಟೆಯಲ್ಲಿ ಹುಟ್ಟಿದವಳು. ಅರ್ಧ ಕೆಲಸ ಮಾಡುವವಳಲ್ಲ.

ಕೆಳಗಿಳಿದು ಬಂದು ಸೈಕಲ್ಲಿನ ಮುಂದೆ ಕುಕ್ಕರಿಸಿದೆ. ಎಡಗಡೆಯ ಪೆಡಲು ನೋಡಿದೆ. ಸ್ಪ್ಯಾನರ್ ಜಾರಿ ಅದರ ಬುಡದ ಮೂಲೆಗಳೆಲ್ಲ ಸವೆದಿವೆ. ಹಿಡಿದು ಅಲ್ಲಾಡಿಸಿದರೆ ಬಂಡೆ. ಆಗ ಗೊತ್ತಾಯಿತು.

ಆರನೇ ಕ್ಲಾಸಿಗೆ ಶಾಲೆ ಬಿಟ್ಟವಳು ನಾನು. ಆದರೆ ನಟ್ಟು ಬೋಲ್ಟಿನ ಫ್ಯಾಕ್ಟರಿಯಲ್ಲಿ ಮೂವತ್ತೊಂದು ವರ್ಷ ಮರೆ, ಅಂದರೆ ತಿರುಪಿನ ಸುತ್ತುಗೆರೆ, ಪರೀಕ್ಷೆ ಮಾಡಿದವಳು. ಯಾವ ಮರೆ ಎತ್ತ ತಿರುಗುತ್ತದೆಂದು ಕಣ್ಣು ಮುಚ್ಚಿ ಹೇಳಬಲ್ಲೆ. ಸೈಕಲ್ಲಿನ ಎಡಪೆಡಲಿಗೆ ಉಲ್ಟಾ ಮರೆ. ತುಳಿಯುತ್ತ ತುಳಿಯುತ್ತ ಬಿಚ್ಚಿಕೊಳ್ಳಬಾರದೆಂದು ಹಾಗೆ ಮಾಡಿರುತ್ತಾರೆ. ಎಲ್ಲವನ್ನೂ ಬಿಚ್ಚುವ ಹಾಗೆ ಅದನ್ನೂ ತಿರುಗಿಸಿದರೆ ಇನ್ನಷ್ಟು ಬಿಗಿಯಾಗುತ್ತದೆ. ಕಳ್ಳ ಬಲಗಡೆಯದನ್ನು ಸಲೀಸಾಗಿ ತೆಗೆದಿದ್ದಾನೆ. ಎಡಗಡೆಯದರ ಜೊತೆ ಒದ್ದಾಡಿ, ಸ್ಪ್ಯಾನರ್ ಜಾರಿಸಿ, ಗೆಣ್ಣು ಕಿತ್ತುಕೊಂಡಿದ್ದಾನೆ.

ಡಬ್ಬದ ಮುಚ್ಚಳವಂತೆ!

ಬಾಯಿ ಬಿಡಲಿಲ್ಲ. ಅವರಾಗಿ ಹೇಳಲಿ.

ಡಿಸೆಂಬರ್ 23, ಶನಿವಾರ

ಹೇಳಲಿಲ್ಲ. ಸರಿ. ನಾನೇನು ಕೈಕಟ್ಟಿ ಕೂರುತ್ತೇನೆಯೇ?

ಹೊಸ ಪೆಡಲು ತಂದರೆ ಅದೂ ಮಾಯವಾಗುತ್ತದೆ. ನನ್ನ ಹಳೆಯ ಬಿಸ್ಕೆಟ್ ಡಬ್ಬ ಸುರಿದೆ. ಗೇಣುದ್ದದ ಬೋಲ್ಟು ಸಿಕ್ಕಿತು. ಪೆಡಲಿನ ತೂತಿಗೆ ತೂರಿಸಿ, ಒಳಗೊಂದು ಹೊರಗೊಂದು ನಟ್ಟು ಹಾಕಿ ಬಿಗಿದೆ. ಮೇಲೆ ನೀರಿನ ಪೈಪಿನ ತುಂಡು. ತುದಿಗೆ ಇನ್ನೊಂದು ನಟ್ಟು. ಗರಗರ ತಿರುಗುತ್ತದೆ. ಇದನ್ನು ಬಿಚ್ಚಲು ಎರಡು ಸ್ಪ್ಯಾನರ್ ಬೇಕು. ಒಂದನ್ನು ನನ್ನ ದಿಂಬಿನ ಕೆಳಗಿಟ್ಟಿದ್ದೇನೆ.

ಇವರ ಮುಂದೆಯೇ ಅಂಗಳದಲ್ಲಿ ಮೂರು ಸುತ್ತು ಹೊಡೆದೆ. ಎದ್ದು ಒಳಗೆ ಹೋದರು.

ಜನವರಿ 5, ಶುಕ್ರವಾರ

ಹನ್ನೆರಡು ದಿನ ಬರೆಯಲಿಲ್ಲ. ಬರೆಯಲು ಕೂತರೆ ಬೈಗುಳವೇ ಬರುತ್ತದೆ. ದಿನವೂ ಹೋಗುತ್ತಿದ್ದೇನೆ. ಬೋಲ್ಟಿನ ಮೇಲೆ ಬಲಗಾಲು ಜಾರುತ್ತದೆ. ದಿಬ್ಬದ ಒಂದನೇ ತಿರುವೇ ಕಷ್ಟ. ಆದರೂ ಕೆರೆಯ ಸುತ್ತ ಪೂರ್ತಿ ಒಂದು ಸುತ್ತು ಹಾಕಿದೆ. ಆಚೆ ದಡದಲ್ಲಿ ಜೊಂಡು ಬಂಗಾರದ ಬಣ್ಣಕ್ಕೆ ತಿರುಗಿದೆ. ಗಾಳಿಗೆ ಒಂದೇ ಸಮನೆ ಶ್... ಅನ್ನುತ್ತದೆ, ನನಗೇ ಬಾಯಿ ಮುಚ್ಚೆನ್ನುವ ಹಾಗೆ. ಹತ್ತು ನಿಮಿಷ ಮುಚ್ಚಿದ್ದೆ. ಚೆನ್ನಾಗಿತ್ತು.

ಮನೆಯಲ್ಲಿ ಮಾತಿಲ್ಲ. ಟೀ ಇದೆ, ಬಿಸಿಯಿಲ್ಲ.

ಜನವರಿ 9, ಮಂಗಳವಾರ

ರೇಡಿಯೋ ಗೇಟಿಗೆ ಒರಗಿಕೊಂಡು ಕಾಯುತ್ತಿದ್ದಳು.

‘ಅಕ್ಕ, ತಪ್ಪು ತಿಳ್ಕೋಬೇಡಿ. ನಿಮ್ಮ ಯಜಮಾನ್ರು ದಿನಾ ಹಾಲಿನವಳಿಗೆ ಕೈ ಬೀಸ್ತಾರೆ.’

‘ಯಾರಿಗೆ?’

‘ಹಾಲಿನವಳಿಗೆ! ಕೆಂಪು ಸ್ವೆಟರ್ ಹಾಕ್ಕೊಂಡು ಸೈಕಲ್ಲಲ್ಲಿ ಬರ್ತಾಳಲ್ಲ. ತಾರಸಿ ಮೇಲಿಂದ ಹೀಗೆ, ಎರಡೂ ಕೈಯಲ್ಲಿ. ಪಾಪ, ಅವಳಿಗೇ ನಾಚಿಕೆ ಆಗಿದೆ.’

‘ಎಪ್ಪತ್ತೊಂದರಲ್ಲಿ ಅಷ್ಟಾದ್ರೂ ಕೈ ಎತ್ತೋಕಾಗುತ್ತಲ್ಲ, ಸಂತೋಷ’ ಅಂದು ಗೇಟು ಹಾಕಿದೆ.

ಒಳಗೆ ಬಂದು ನಕ್ಕೆ. ಆಮೇಲೆ ನಗು ನಿಂತಿತು. ಕೆಂಪು ಸ್ವೆಟರ್. ನನ್ನದೂ ಕೆಂಪೇ. ಅವಳಿಗೆ ಮೂವತ್ತು ವರ್ಷ, ನನ್ನ ಎರಡರಷ್ಟು ಎತ್ತರ, ಹಿಂದೆ ಎರಡು ಕ್ಯಾನು. ಕಣ್ಣಿರುವವರು ಯಾರಾದರೂ ಅವಳನ್ನು ನಾನೆಂದುಕೊಳ್ಳುತ್ತಾರೆಯೇ?

ಜನವರಿ 10, ಬುಧವಾರ

ಸೈಕಲ್ ತೆಗೆಯಲಿಲ್ಲ. ತಾರಸಿಗೆ ಹೋದೆ. ಇವರು ಪಂಪ್‌ಹೌಸ್ ಕಡೆಗೆ ಮುಖ ಮಾಡಿ ನಿಂತಿದ್ದರು. ನನ್ನ ಹೆಜ್ಜೆ ಸದ್ದಿಗೆ ಬೆಚ್ಚಿಬಿದ್ದರು.

‘ಹಾಲಿನವಳು ಹೇಗಿದ್ದಾಳ್ರೀ?’

ಟೀ ಲೋಟ ಕಟ್ಟೆಯ ಮೇಲಿಟ್ಟರು.

‘ಕಣ್ಣು ಯಾವಾಗಿಂದ ಹೀಗೆ?’

ಪಂಪ್‌ಹೌಸ್ ಕಡೆ ಕೈ ತೋರಿಸಿ ಹೇಳಿದರು. ‘ಮಂಜು ಅಂದ್ಕೊಂಡಿದ್ದೆ ಕಣೇ. ಚಳಿಗಾಲ ಅಲ್ವಾ. ಆಮೇಲೆ ನೋಡಿದ್ರೆ ಹತ್ತು ಗಂಟೆಯಾದ್ರೂ ಹೋಗ್ಲಿಲ್ಲ.’

ತಾರಸಿಯ ಕಟ್ಟೆಯ ಮೇಲೆ ಕೂತೆ.

‘ಹೇಳೋಕೇನಾಗಿತ್ತು?’

‘ಹೇಳಿದ್ರೆ ತಾಯಿ ಮಗಳು ಆಪರೇಷನ್ ಅಂತೀರ. ಕಣ್ಣಿಗೆ ಕತ್ತಿ ಹಾಕಿಸ್ಕೊಳ್ಳೋದಾ? ಮೊದ್ಲು ನೀನು ತಿರುವಿಗೆ ಬಂದ್ರೆ ಕಾಣ್ತಿತ್ತು, ಬಂದ್ಲು ಅಂತ ಸಮಾಧಾನ. ಈಗ ಗೇಟು ಸದ್ದಾಗೋವರೆಗೂ ಉಸಿರೇ ಇಲ್ಲ. ಅವತ್ತು ನೀನು ಬಿದ್ದಾಗ ಇಲ್ಲೇ ನಿಂತಿದ್ದೆ. ನನಗೇ ಗೊತ್ತಾಗ್ಲಿಲ್ಲ. ಎದುರು ಮನೆಯವಳು ಬಂದು ಹೇಳ್ಬೇಕಾಯ್ತು.’

‘ಅದಕ್ಕೆ ಪೆಡಲ್ ಬಿಚ್ಚಿದ್ರಾ?’

‘ಒಂದು ಬಂತು. ಇನ್ನೊಂದು ಬರ್ಲಿಲ್ಲ. ಅದಕ್ಕೇನೋ ತುಕ್ಕು ಹಿಡಿದಿದೆ.’

ತುಕ್ಕು! ನನ್ನ ಸೈಕಲ್ಲಿಗೆ! ಅಲ್ಲೇ ಬೈದೆ. ಉಲ್ಟಾ ಮರೆಯ ಪಾಠವನ್ನೂ ಮಾಡಿದೆ. ತಲೆ ತಗ್ಗಿಸಿ ಕೇಳಿಸಿಕೊಂಡರು. ಕೊನೆಗೆ, ‘ಹಾಗಾದ್ರೆ ನೀನು ಸೈಕಲ್ ಬಿಡು, ನಾನು ಕಣ್ಣು ತೋರಿಸ್ತೀನಿ’ ಅಂದರು.

‘ಅದೆಲ್ಲ ನಡೆಯಲ್ಲ. ಸೈಕಲ್ ನಾನು ಬಿಡಲ್ಲ. ಕಣ್ಣು ನೀವು ತೋರಿಸ್ತೀರ. ಎರಡೂ ಆಗುತ್ತೆ.’

‘ಯಾರು ಹೇಳಿದ್ದು?’

‘ನಾನು.’

ಒಳಗೆ ಹೋಗಿ ಹಳೆಯ ಪೆಟ್ಟಿಗೆಯಿಂದ ಲಕೋಟೆ ತಂದರು. ಮೇಲೆ ಚೀಟಿ: ‘ಪೆಡಲು. ಬಲ. ಒಂದು.’ ಕೆಳಗೆ ತಾರೀಖು. ಕದ್ದ ಮಾಲಿಗೂ ಚೀಟಿ ಅಂಟಿಸುವ ಕಳ್ಳನನ್ನು ಕಟ್ಟಿಕೊಂಡು ನಲವತ್ತನಾಲ್ಕು ವರ್ಷ.

ಅತ್ತಿಲ್ಲ. ದಿಬ್ಬದ ಗಾಳಿ ಕಣ್ಣಿಗೆ ಹೊಡೆದದ್ದು ಇನ್ನೂ ಹೋಗಿಲ್ಲ, ಅಷ್ಟೆ.

ಜನವರಿ 24, ಬುಧವಾರ

ಆಸ್ಪತ್ರೆ. ಮೊದಲು ಬಲಗಣ್ಣಿನ ಪೊರೆ. ಇಪ್ಪತ್ತೇ ನಿಮಿಷವಂತೆ. ಒಳಗೆ ಹೋಗುವಾಗ ನನ್ನ ಕೈ ಬಿಡಲಿಲ್ಲ. ನರ್ಸಮ್ಮ ಬಿಡಿಸಿದಳು. ಮಗಳು ಹೊರಗೆ ನನ್ನ ಪಕ್ಕ ಕೂತು, ‘ಪೆಡಲ್ ಕಳ್ಳಿ ಅಂತ ಬೈದಿದ್ಯಲ್ಲ, ಕ್ಷಮೆ ಯಾವಾಗ ಕೇಳ್ತೀಯ?’ ಅಂದಳು.

‘ದಿಬ್ಬ ಹತ್ತಿದ ಮೇಲೆ.’

‘ಹಾಗಾದ್ರೆ ಹತ್ತು. ಗುಜರಿ ಮಾತು ವಾಪಸ್ ತಗೊಂಡೆ. ಆದ್ರೆ ಹೆಲ್ಮೆಟ್ ಹಾಕ್ಬೇಕು.’

ಹೆಲ್ಮೆಟ್ ಹಾಕಿದರೆ ತಲೆ ಪಾತ್ರೆಯ ಹಾಗೆ ಕಾಣುತ್ತದೆ. ನೋಡೋಣ ಅಂದೆ.

ಫೆಬ್ರವರಿ 10, ಶನಿವಾರ

ಇವರಿಗೆ ಹೊರಗೆ ಓಡಾಡಬಹುದೆಂದು ಡಾಕ್ಟರು ಹೇಳಿದರು. ಮನೆಗೆ ಬಂದವರು ಮೊದಲು ಮಾಡಿದ್ದು ನನ್ನ ಮುಖ ನೋಡಿ, ‘ಇಷ್ಟೊಂದು ಬಿಳಿ ಕೂದಲು ಯಾವಾಗ ಬಂತೇ?’ ಎಂದು ಕೇಳಿದ್ದು. ಅವರಿಗೆ ಕಣ್ಣು ಬಂದದ್ದೇ ತಪ್ಪಾಯಿತು.

ಬೋಲ್ಟು ಬಿಚ್ಚಿ ಪೆಡಲು ಹಾಕಿದೆ. ಆಗಲೇ ಮಧ್ಯಾಹ್ನದ ಬಿಸಿಲು ಚುರುಗುಟ್ಟುತ್ತಿದೆ. ನಾಳೆಯೇ ಹೋಗಬೇಕು.

ಫೆಬ್ರವರಿ 11, ಭಾನುವಾರ. ಬೆಳಿಗ್ಗೆ 7.50

ಹೋಗಿ ಬಂದೆ. ಮಂಜಿಲ್ಲ. ಕೆರೆ ತೊಳೆದಿಟ್ಟ ಕನ್ನಡಿ. ಒಂದನೇ ತಿರುವು, ಎರಡನೆಯದು, ಮೂರನೆಯದು. ಎದೆ ಬಾಯಿಗೆ ಬಂದಿತ್ತು. ತೊಡೆ ಉರಿ. ಯಾರನ್ನು ಬೈಯುತ್ತಿದ್ದೆನೋ ಗೊತ್ತಿಲ್ಲ, ಬೈಯುತ್ತಲೇ ತುಳಿದೆ. ಟ್ಯಾಂಕು ಮುಟ್ಟಿದೆ. ಅಲ್ಲಿಂದಲೇ ಕೈ ಬೀಸಿದೆ. ಇಷ್ಟು ದೂರದಿಂದ ಕಾಣುವ ಮಾತೇ ಇಲ್ಲ ಅಂದುಕೊಂಡೆ. ತಾರಸಿಯ ಮೇಲೆ ಚುಕ್ಕೆಯಷ್ಟು ಇವರು. ಚುಕ್ಕೆ ಎರಡೂ ಕೈ ಎತ್ತಿತು.

ಗೇಟಿನಲ್ಲೇ ನಿಂತಿದ್ದರು, ಟೀ ಲೋಟ ಹಿಡಿದು. ಹೊಗೆಯಾಡುತ್ತಿತ್ತು.

‘ಹತ್ತಿದೆ ರೀ! ಕಾಲೂರಲೇ ಇಲ್ಲ!’

‘ಊರಿದೆ ನೀನು.’

‘ಏನು?’

‘ಮೂರನೇ ತಿರುವಲ್ಲಿ. ಬಲಗಾಲು. ಒಂದೇ ಸಲ. ನೋಡ್ದೆ ಕಣೇ.’

ಊರಿದ್ದೆ. ಹೆಬ್ಬೆರಳ ತುದಿ. ನಾಯಿಗೂ ಗೊತ್ತಾಗುವ ಹಾಗಿರಲಿಲ್ಲ. ಇಷ್ಟು ದಿನ ಏನು ಹೇಳಿದರೂ ನಡೆಯುತ್ತಿತ್ತು. ಇನ್ನು ಮುಗಿಯಿತು ನನ್ನ ಸುಳ್ಳಿನ ಕಾಲ. ಹಾಳಾದ ಕಣ್ಣು. ನೂರು ವರ್ಷ ಹೀಗೇ ಇರಲಿ.

ಟೀ ಕುಡಿದೆ. ಬಿಸಿಯಿತ್ತು. ಇನ್ನೂ ಎಂಟಾಗಿಲ್ಲ, ಬಿಸಿಲು ಏರಿಲ್ಲ. ಇವರು ಆಗಲೇ ಮೆಟ್ಟಿಲು ಹತ್ತುತ್ತಿದ್ದಾರೆ. ‘ಹೋಗ್ತೀಯಾ, ಇಲ್ವಾ?’ ಎಂದು ಮೇಲಿಂದ ಕೂಗುತ್ತಿದ್ದಾರೆ. ಯಾರಿಗೆ ಹೇಳುತ್ತಿದ್ದಾರೆ ಈ ಮನುಷ್ಯ? ಹೆಲ್ಮೆಟ್ ಎಲ್ಲಿಟ್ಟೆ... ಈ ಸಲ ಹೆಬ್ಬೆರಳೂ ಊರುವುದಿಲ್ಲ, ನೋಡುತ್ತಿ—