ಬಾಣಂತನಕ್ಕ ನಲವತ್ತು ದಿನದ ರುಖಸತ್

ಯಾದಗಿರಿ
೧೫ ಇಸ್ಫಂದಾರ ೧೩೫೧ ಫಸಲಿ
ಸಂಕ್ರಾಂತಿ ಮುಗಿದ ನಾಕನೇ ದಿನ

ಮೈ ಡಿಯರ್ ಡಾಟರ್ ಚಂದೂ,

ಸುರಪುರದಾಗ ನೀನೂ, ಹೊಟ್ಟಿಯೊಳಗಿನ ಕೂಸೂ, ಅಳಿಯ ಸಂಗಣ್ಣನೂ, ಹಿರಿಯರೆಲ್ಲರೂ ಸುಖವಾಗಿದ್ದೀರಿ ಅಂತ ನಂಬಿ ನಿಮ್ಮಪ್ಪ ಬಸವಂತ್ರಾಯ ಇಲ್ಲಿಂದ ಎರಡೂ ಕೈಯೆತ್ತಿ ಹರಸ್ಯಾನ. ವಿತ್ ರೆಫರೆನ್ಸ್ ಟು ಯುವರ್ ಲೆಟರ್, ಐ ಬೆಗ್ ಟು ಸ್ಟೇಟ್... ಪತ್ರ ಹಿಂಗೇ ಶುರು ಆಗಬೇಕಂತ ಕಾಲೇಜಿನ್ಯಾಗ ಕಲಿಸಿದ್ದರು. ಮುಂದಿನದು ಮರ್ತು ಹೋಗ್ಯದ. ಕನ್ನಡದಾಗೇ ಬರೀತೀನಿ.

ಮೊದಲು ಇದನ್ನ ಓದೂ ರೀತಿ ಹೇಳ್ತೀನಿ. ನಿನ್ನ ಅತ್ತಿ ಗೊಲ್ಲಾಳಮ್ಮನವರಿಗಿ ಅಕ್ಷರ ಬರೂದಿಲ್ಲ, ನೀನು ಓದಿದಷ್ಟೇ ಅವರ ಪಾಲಿಗಿ ಪತ್ರ. ಅದಕ್ಕ ಎಂದಿನಂಗ ಕೆಲವು ಕಡಿ ಬದಿಗಿ ಗೆರಿ ಎಳೆದೀನಿ. ಗೆರಿ ಇಲ್ಲದ್ದನ್ನ ಅವರ ಮುಂದ ಕುಂತು ಗಟ್ಟಿಯಾಗಿ ಓದು. ಗೆರಿ ಇದ್ದದ್ದು ನಿನಗೊಬ್ಬಾಕೀಗೇ, ಮನಸ್ಸಿನ್ಯಾಗ ಓದಿಕೋ. ಓದೂವಾಗ ಮುಖ ನೆಟ್ಟಗಿರಲಿ. ನಿನಗ ನಗಿ ತಡಿಯೂದಿಲ್ಲ, ನಿಮ್ಮವ್ವನ ಗುಣ ಅದು.

ದೀಪಾವಳಿ ಪತ್ರದಾಗ ಗೆರಿ ಹಾಕಿ ಬರೆದದ್ದು ಅತ್ತಿಯವರಿಗಿ ಹೆಂಗ ಗೊತ್ತಾತು ಅಂತ ಕೇಳೀದಿ. ಅವರು ಕಳಿಸಿದ ಶೇಂಗಾ ಹೋಳಿಗಿಯೊಳಗ ಮೂರನ್ನ ಕಚೇರಿಯವರ ಕಣ್ಣು ತಪ್ಪಿಸಿ ರುಮಾಲಿನ್ಯಾಗ ಮುಚ್ಚಿಟ್ಟೆ ಅಂತ ನಿನಗಷ್ಟೇ ಬರೆದಿದ್ದೆ. ಎಂಟು ದಿನದಾಗ ಒಂದು ಡಬ್ಬಿ ತುಂಬ ಹೋಳಿಗಿ ಬಂತು, "ಇವನ್ನೂ ಮುಚ್ಚಿಟ್ಕೋರಿ ಅಂತ ಬೀಗರಿಗಿ ಹೇಳ್ರಿ" ಅಂತ ಮಾತೂ ಬಂತು. ಹೆಂಗೋ ಏನೋ, ನನಗೂ ತಿಳೀವಲ್ತು. ಇರ್ಲಿ.

ಇಲ್ಲಿಂದ ಗಟ್ಟಿಯಾಗಿ ಓದು.

ಕಾರ್ತಿಕದಾಗ ನಾನು ಸುರಪುರಕ್ಕ ಬಂದಾಗ ಬೀಗತ್ಯಾರು ಹೇಳಿದ್ದು ನನಗ ಅಕ್ಷರ ಅಕ್ಷರ ನೆನಪದ. ಚೊಚ್ಚಲ ಬಾಣಂತನ ತವರುಮನಿದೇ ಹೌದು, ರಿವಾಜು ಬಿಡಬಾರದು ಅಂದ್ರು. ಆದರ ಆ ತವರಿನ್ಯಾಗ ಹೆಣ್ಣುಮಗಳು ಒಬ್ಬಾಕೀನೂ ಇಲ್ಲ, ಒಲಿ ಮುಂದ ಒಬ್ಬ ಗಂಡಸು, ಅವರೂ ಹತ್ತು ಹೊಡದ್ರ ಕಚೇರಿಗಿ ಹೋಗೋರು, ಬಾಣಂತಿಗಿ ಬಿಸಿನೀರು ತಹಸೀಲ್ದಾರ ಬಂದು ಕಾಯಿಸಿ ಕೊಡ್ತಾರೇನು ಅಂದ್ರು. ನಾನು ರಜಾ ಹಾಕ್ತೀನಿ ಅಂದೆ. ಪಡಸಾಲಿ ತುಂಬ ಮಂದಿ ನಕ್ತು. ಆಗ ಬೀಗತ್ಯಾರು, "ಸರಕಾರ ನಿಮಗ ಬಾಣಂತನಕ್ಕ ಅಂತಲೇ ಬರೆದು ಮೋಹರ ಒತ್ತಿ ರಜಾ ಕೊಡ್ಲಿ. ಆ ಕಾಗದ ತೋರಸ್ರಿ, ಅವತ್ತೇ ಸೊಸಿನ್ನ ಗಾಡಿ ಹತ್ತಸ್ತೀನಿ" ಅಂತ ಎಲ್ಲಾರ ಎದುರಿಗೇ ಅಂದ್ರು.

ಆ ಕಾಗದದ ನಕಲು ಈ ಲಕೋಟಿಯೊಳಗ ಅದ. ಉರ್ದುವಿನ್ಯಾಗ ಅದ, ಆದರ ಮೋಹರ ಯಾವ ಭಾಷಾದಾಗೂ ಮೋಹರನೇ. ಬೀಗತ್ಯಾರ ಕೈಯಾಗ ಕೊಡು. ನಲವತ್ತು ದಿನದ ರುಖಸತ್. ರುಖಸತ್ ಅಂದ್ರ ನಾವು ರಜಾ ಅನ್ನೂದೇ, ಉರ್ದು ಪೋಷಾಕ ಹಾಕ್ಕೊಂಡದ್ದು. ಕಾರಣದ ಖಾನೆಯೊಳಗ "ಮಗಳ ಬಾಣಂತನ" ಅಂತಲೇ ಅದ.

ಇಲ್ಲಿಂದ ಗೆರಿ. ಮನಸ್ಸಿನ್ಯಾಗ ಓದು.

ಇದು ಸಿಕ್ಕ ಕಥಿ ಅತ್ತಿಯವರಿಗಿ ಯಾಕ ಹೇಳಬಾರದು ಅಂತ ನಿನಗೇ ತಿಳೀತದ. ನಮ್ಮ ಕಚೇರಿಯ ಕಡತ ನೋಡೂ ಪೇಶಕಾರ ವಹಾಬ ಸಾಹೇಬರು ನನ್ನ ಅರ್ಜಿ ಓದಿದ್ರು, ಕನ್ನಡಕ ತೆಗೆದು ಒರೆಸಿ ಮತ್ತೊಮ್ಮೆ ಓದಿದ್ರು. "ರಾಯರ, ಇಪ್ಪತ್ನಾಕು ವರ್ಷದ ನೌಕರಿದಾಗ ಒಂದು ದೊಡ್ಡ ರಜಾ ಕೇಳಿದವರಲ್ಲ. ಈಗ ಕೇಳೀರಿ, ಅದೂ ಬಾಣಂತನಕ್ಕ. ಎಷ್ಟರಾಗದ ನಿಮಗ?" ಅಂದ್ರು. ಇಡೀ ಕಚೇರಿ ನಕ್ತು. ಎಂಟರಾಗ ಬಿದ್ದದ ಸಾಹೇಬ್ರ ಅಂತ ನಾನೂ ಅಂದೆ.

ಮನಿಷ್ಯಾ ಒಳ್ಳ್ಯಾವ. ನಗೂದು ಮುಗಿಸಿ, ಕಾಯ್ದೆ ಪುಸ್ತಕ ತೆಗೆದು ಒಂದೊಂದೇ ಓದಿ ಹೇಳಿದ್ರು. ಅಕಸ್ಮಾತ್ ಕೆಲಸಕ್ಕ ಎರಡು ದಿನದ್ದು ಅದ. ಬೀಮಾರಿಗಿ ಅದ, ಹಕೀಮರು ಚೀಟಿ ಬರೆದ್ರ ತಿಂಗಳು ನಿಶ್ಚಿಂತಿ. ಮನಿಯೊಳಗ ಪ್ಲೇಗು ಬಂದ್ರ, ಆ ರೋಗ ಕಚೇರಿಗಿ ತರಬ್ಯಾಡ್ರಿ ಅಂತ ಖಾಸ ರಜಾ ಅದ. ಯಾರಾರ ತೀರಿಕೊಂಡ್ರ ಅದ. ತೀರ್ಥಯಾತ್ರಾಕ್ಕ ಅದ. "ಯಾವುದು ಬೇಕು ಹೇಳ್ರಿ, ಈಗಲೇ ಬರೀತೀನಿ" ಅಂದ್ರು.

ನಾನು ಮನಿಗಿ ಬಂದು ವಿಚಾರ ಮಾಡಿದೆ. ಬೀಮಾರಿ ಅಂತ ಬರೆಸಿದ್ರ, ಬ್ಯಾನಿ ಬಿದ್ದವನ ಮನಿಗಿ ಬಸರಿ ಹೆಣ್ಣು ಯಾರು ಕಳಸ್ತಾರ? ಪ್ಲೇಗು ಅಂದ್ರಂತೂ ಸುರಪುರದವರು ನನ್ನ ಪತ್ರನೂ ಮುಟ್ಟೂದಿಲ್ಲ. ಸಾವು ಅಂದ್ರ ಸಾವಿನ ಮನಿಯೊಳಗ ತೊಟ್ಟಿಲಾ ಕಟ್ಟೂದು ಹೆಂಗ? ಶ್ರೀಶೈಲಕ್ಕ ಹೋಗ್ಯಾನ ಅಂತ ಬರೆಸಿ, ಯಾದಗಿರಿ ಒಲಿ ಮುಂದ ಅಳವಿ ಪಾಯಸ ಕುದಿಸಿಕೋತ ಕುಂತ್ರ ಓಣಿಯವರಿಗಿ ಕಣ್ಣಿಲ್ಲೇನು? ಸರಕಾರದ ಪುಸ್ತಕದಾಗ ಮನಿ ಕೆಟ್ಟಾಗ ಕೊಡೂ ರಜಾನೇ ಎಲ್ಲಾ. ಮನಿ ತುಂಬೂ ದಿನಕ್ಕ ಅಂತ ಒಂದೂ ಇಲ್ಲ. ಮತ್ತ ನಿನ್ನ ಅತ್ತಿಯವರಿಗಿ ಬೇಕಾದದ್ದು ಖರೇ ಕಾರಣ. ಹಿಂಗಾಗಿ ನಿಮ್ಮಪ್ಪ ಇಪ್ಪತ್ನಾಕು ವರ್ಷಕ್ಕ ಒಮ್ಮೆ ಖರೇ ಹೇಳೂದು ಬಿಟ್ರ ಬ್ಯಾರೆ ಹಾದಿ ಇಲ್ಲದವ ಆದ.

ವಹಾಬರಿಗಿ ಹಂಗೇ ಹೇಳಿದೆ. ಅವರಿಗೂ ಹುರುಪು ಬಂತು. ಮೂರು ದಿನ ಹಳೀ ಮಿಸಲ್‌ಗಳ ಕೋಣಿ ಹೊಕ್ಕು ಧೂಳಿನ್ಯಾಗ ಶೀನಿಕೋತ ಕುಂತು, ಒಂದು ಕಡತ ಹೊರಗ ತಂದ್ರು. ಇಪ್ಪತ್ತೆರಡು ವರ್ಷದ ಹಿಂದ ಇಲ್ಲಿದ್ದ ಒಬ್ಬ ಅಧಿಕಾರಿಯ ಕುದುರಿ ಈದಿತ್ತಂತ. ಅದನ್ನ ನೋಡ್ಕೋಬೇಕಂತ ಕುದುರಿ ಕಾಯೂ ಸಾಯಿಸನಿಗಿ ಹದಿನೈದು ದಿನ ಖಾಸ ರುಖಸತ್ ಮಂಜೂರಾಗಿತ್ತು, ಪಗಾರ ಸಮೇತ. "ಕುದುರಿಗಿ ಸಿಕ್ಕದ, ಕೂಸಿಗಿ ಸಿಗೂದಿಲ್ಲೇನು" ಅಂತ ವಹಾಬರು ಆ ಕಡತ ನನ್ನ ಅರ್ಜಿಗಿ ಹೊಲಿದು ತಹಸೀಲ್ದಾರ ನಸೀರುದ್ದೀನ ಸಾಹೇಬರ ಮುಂದ ಇಟ್ರು.

ಸಾಹೇಬರು ನನ್ನ ಕರೆಸಿದ್ರು. ನಗಲಿಲ್ಲ, ಅದಕ್ಕೇ ನನಗ ಅಂಜಿಕಿ ಆತು. ಬಾಣಂತಿಗಿ ಮೂರನೇ ದಿನ ಏನು ಕೊಡ್ತೀರಿ ಅಂತ ಕೇಳಿದ್ರು. ಜೋಳದ ನುಚ್ಚು, ಬೆಳ್ಳುಳ್ಳಿ ಹಾಕಿದ ಸಬ್ಬಸಗಿ ಪಲ್ಯಾ, ತುಪ್ಪ ಅಂದೆ. ಐದನೇ ದಿನ? ಅಳವಿ ಪಾಯಸ ಅಂದೆ. ಮಂಚದ ಕೆಳಗ? ಕೆಂಡದ ಅಗ್ಗಿಷ್ಟಿಗಿ, ಅದರ ಮ್ಯಾಲ ಲೋಬಾನ ಅಂದೆ. ಕಾಲೇಜಿನ್ಯಾಗ ಯಾವ ಪರೀಕ್ಷಾದಾಗೂ ನಾನು ಇಷ್ಟು ಛಲೋ ಉತ್ತರ ಕೊಟ್ಟವನಲ್ಲ. ಸಾಹೇಬರು ಮಿಸಲ್ ಮಡಚಿ ಬಗಲಾಗ ಇಟ್ಕೊಂಡು, ಇದು ನನ್ನ ಅಧಿಕಾರದ ಮಾತಲ್ಲ, ಮನಿಯೊಳಗ ಕೇಳ್ತೀನಿ ಅಂತ ಒಯ್ದ್ರು. ಸೋಮವಾರ ಹುಕುಮ್ ಆತು: ಹದಿನೈದಲ್ಲ, ನಲವತ್ತು. ಕುದುರಿ ಹದಿನೈದು ದಿನಕ್ಕ ಓಡ್ತದ, ಹೆಂಗಸಿಗಿ ಚಿಲ್ಲಾ ಅಂದ್ರ ಚಾಲೀಸ್ ದಿನದ ಬಾಣಂತನ ಆಗಬೇಕು, ಒಂದು ದಿನ ಕಡಿಮಿ ಬರೆದ್ರೂ ಊಟಕ್ಕ ಮನಿಗಿ ಬರಬ್ಯಾಡ್ರಿ ಅಂತ ಅವರ ಮನಿಯಾಕಿ ಮಮ್ತಾಜ ಬೇಗಮ್ ಅವರು ಸಾಹೇಬರಿಗಿ ಹೇಳಿದ್ರಂತ. ಇದು ವಹಾಬರ ಬಾಯಿಂದ ಬಂದದ್ದು, ಎಷ್ಟು ನಂಬತೀದಿ ನಂಬು.

ಇಲ್ಲಿಂದ ಗಟ್ಟಿಯಾಗಿ ಓದು.

ವ್ಯವಸ್ಥಾ ಎಲ್ಲಾ ಆಗ್ಯದ. ಸೂಲಗಿತ್ತಿ ಖಾಸಿಂಬೀ ಬರಾಕ ಒಪ್ಯಾಳ. ಈ ಓಣಿಯ ಅರ್ಧ ಮಂದಿ ಆಕಿ ಕೈಯಾಗೇ ಭೂಮಿಗಿ ಬಿದ್ದವರು. ಎಣ್ಣಿ ಹಚ್ಚಿ ನೀರು ಹಾಕೂದು ಬಾಜೂ ಮನಿ ಮರಿಲಿಂಗಮ್ಮನ ಪಾಲಿಗಿ. ಅಡಗಿ, ನೀರು ಕಾಯಿಸೂದು, ಅರವಿ ಒಗಿಯೂದು ನನ್ನ ಪಾಲಿಗಿ. ಹಿಂದಿನ ಕೋಣಿಗಿ ಸುಣ್ಣ ಹೊಡಿಸೀನಿ. ನೀನು ಮಲಗಿದ ತೊಟ್ಟಿಲಾನೇ ಅಟ್ಟದಿಂದ ಇಳಿಸಿ ಹಗ್ಗ ಬದಲಿ ಮಾಡೀನಿ. ಅಂಟಿನುಂಡಿ ಕಟ್ಟಿ ಕಚೇರಿಗಿ ಹಂಚೀನಿ, ಎಲ್ಲಾರೂ ತಿಂದಾರ. ಭೀಮಾ ನದಿಯೊಳಗ ಈಗ ಮೊಣಕಾಲು ನೀರು, ಗಾಡಿ ಹಂಗೇ ದಾಟ್ತದ. ಬರೂ ಸೋಮವಾರ ನಾನು ದೋರನಹಳ್ಳಿ ತನಕ ಗಾಡಿ ತಂದು ನಿಲ್ತೀನಿ, ಎರಡು ಗಾದಿ ಹಾಸಿ.

ಇಲ್ಲಿಂದ ಮತ್ತ ಗೆರಿ.

ಅಂಟಿನುಂಡಿ ವಿಷಯ ನಿನಗ ಖರೇ ಹೇಳ್ತೀನಿ. ಮೊದಲನೇ ಸಲದ್ದು ಕಡಿದು ವಹಾಬರ ದವಡಿ ಹಲ್ಲು ಅಳ್ಳಾಡಾಕತ್ತದ. ಎರಡನೇ ಸಲದ್ದು ಗಾಳಿಗಿ ಕಾಗದ ಹಾರಬಾರದಂತ ಎಲ್ಲಾರ ಮೇಜಿನ ಮ್ಯಾಲ ಕುಂತಾವ. ಮೂರನೇ ಸಲ ಬೆಲ್ಲದ ಪಾಕ ಹದಕ್ಕ ಬಂತು, ಆದರ ನಿನ್ನ ಅತ್ತಿಯವರ ಕೈಗಿ ಸರಿ ಬರೂದಿಲ್ಲ.

ಅವರ ಕೈ ನಾನು ಕಾರ್ತಿಕದಾಗ ನೋಡೀನಿ. ನನ್ನ ಬೈಕೋತನೇ ಇದ್ರು, ನೀನು ಬಂದು ಕೂಡೂದು ಕಂಡದ್ದೇ ತಡ, ಬೈಗುಳ ನಿಲ್ಲಿಸದಲೇ ಒಂದು ಕೌದಿ ಮಡಚಿ ನಿನ್ನ ಬೆನ್ನಿಗಿ ಕೊಟ್ರು. ನೀನು ಹಿಂದ ತಿರುಗಿ ನೋಡಲೂ ಇಲ್ಲ, ಅದು ಅಲ್ಲಿ ಇರ್ತದ ಅಂತ ಗೊತ್ತಿದ್ದಂಗ ಒರಗಿ ಕುಂತಿ. ಅವತ್ತು ಹಾದಿ ತುಂಬ ಅದೇ ನೆನಸ್ಕೋತ ಬಂದೆ. ಅವ್ವ ಇಲ್ಲದ ಹುಡುಗಿಗಿ ಅವ್ವ ಸಿಕ್ಕಾಳ ಅಂತ ಸಮಾಧಾನ ಆತು. ಸ್ವಲ್ಪ ಹೊಟ್ಟಿಕಿಚ್ಚೂ ಆತು, ಸುಳ್ಳು ಯಾಕ ಹೇಳಲಿ. ನಿನ್ನನ್ನ ಅಲ್ಲೇ ಬಿಟ್ರ ಒಂದು ಕೊರತಿನೂ ಆಗೂದಿಲ್ಲ.

ಮತ್ತ ಯಾಕ ಇಷ್ಟು ಹಟ ಅಂತೀ? ನೀನು ಹುಟ್ಟಿದಾಗ ನಿಮ್ಮವ್ವ ಮೌನಮ್ಮ ಬಳಿಚಕ್ರ ಊರಿನ ತವರಿನ್ಯಾಗ ಇದ್ದಳು. ನಾನು ಗುರುಮಠಕಲ್ ಕಡಿ ಕ್ಯಾಂಪಿನ್ಯಾಗಿದ್ದೆ. ಅರವತ್ತು ದಿನದ ರುಖಸತ್ ನನ್ನ ಹೆಸರಿಗಿ ಬಿದ್ದಿತ್ತು. ಅರ್ಜಿ ಬರೆದೆ, ಕಾರಣದ ಖಾನೆ ತನಕ ಬಂದೆ, ಅಲ್ಲಿ ಕೈ ನಿಂತಿತು. ಗಂಡಸರ ಕಚೇರಿಯೊಳಗ ಹೆಂಡತಿ ಹೆರಿಗಿ ಅಂತ ಬರಿಯಾಕ ನಾಚಿಕಿ ಆತು ನನಗ. ಹರಿದು ಒಗೆದೆ. ಐದು ವಾರ ಕಳೆದು ಹೋದಾಗ ನೀನು ಕಣ್ಣು ಬಿಟ್ಟು ನನ್ನ ಮೀಸಿ ನೋಡಿ ಅಳಾಕ ಹತ್ತಿದಿ. "ನಿನ್ನ ಮಗಳು ಮೊದಲು ಕಚೇರಿಗಿ ಅರ್ಜಿ ಹಾಕಿ ಆಮ್ಯಾಲ ಹುಟ್ಟಬೇಕಿತ್ತು ನೋಡು" ಅಂತ ನಿಮ್ಮವ್ವ ಇರೂತನಕ ನಗ್ಯಾಡಿದಳು. ಆಕಿ ನಕ್ಕಳು, ನಾನೂ ನಕ್ಕೆ. ಆಕಿ ಹೋಗಿ ಹನ್ನೊಂದು ವರ್ಷ ಆತು, ಆ ಖಾನೆ ಹಂಗೇ ಖಾಲಿ ಇತ್ತು. ಈಗ ತುಂಬೀನಿ. ಇಡೀ ಕಚೇರಿ ನಕ್ತು ಅಂದೆನಲ್ಲ. ನಗಲಿ, ಇನ್ನೂ ನಾಕು ಕಚೇರಿ ನಗಲಿ.

ಇಲ್ಲಿಗಿ ಗೆರಿ ಮುಗೀತು. ಗಟ್ಟಿಯಾಗಿ ಓದಿ ಪತ್ರ ಮಡಚು: ಹಿರಿಯರಿಗೆಲ್ಲ ಶರಣು, ಅಳಿಯಂದಿರಿಗಿ ಆಶೀರ್ವಾದ. ಗೌರ್ಮೆಂಟ್ ಈಸ್ ವೆರಿ ಕೈಂಡ್.

ನಿನ್ನ ಒಬೀಡಿಯಂಟ್ ಅಪ್ಪ,
ಬಸವಂತ್ರಾಯ
ತಹಸೀಲಿ ಕಚೇರಿ ಅಹಲಕಾರ, ನಲವತ್ತು ದಿನದ ರುಖಸತ್ ಮಂಜೂರಾದವ

ತಾ.ಕ.: ಚಂದೂ, ಇದು ನಿನಗಲ್ಲ. ಓದೇ ಓದ್ತೀದಿ, ಓದು, ಆದರ ಅತ್ತಿಯವರಿಗಿ ಹೇಳಬ್ಯಾಡ. ಅವರಿಗಿ ಮುಟ್ಟೂ ಹಾದಿ ಬ್ಯಾರೆ ಅದ.

ಸೂಗಪ್ಪ ಮಾಸ್ತರ, ಮಧ್ಯಾಹ್ನ ಹುಡುಗಿ ಮಲಗಿದ ಮ್ಯಾಲ ಬೀಗತ್ಯಾರು ಈ ಪತ್ರ ನಿಮ್ಮ ಮನಿ ಕಟ್ಟಿಗಿ ತಂದು, ಗೆರಿ ಇದ್ದದ್ದನ್ನೂ ಬಿಡದಂಗ ಓದಸ್ತಾರ ಅಂತ ನೀವೇ ಶಹಾಪುರ ಸಂತಿಯೊಳಗ ನನ್ನ ಮುಂದ ಬಾಯಿ ಬಿಟ್ಟೀರಿ. ಇದನ್ನ ನಿಧಾನ ಓದ್ರಿ.

ಬೀಗತ್ಯಾರ, ಶರಣು. ದೀಪಾವಳಿಯಿಂದ ಗೆರಿ ಎಳೆದದ್ದೆಲ್ಲಾ ನೀವು ಕೇಳಲಿ ಅಂತಲೇ ಎಳೆದೀನಿ. ಎದುರಿಗಿ ಹೇಳಿದ್ರ ಬೀಗರ ಮರ್ಜಿ ಹಿಡಿಯಾಕ ಹೇಳಿದೆ ಅಂತೀರಿ. ಕುದುರಿ ಮಾತಿಗಿ ಕ್ಷಮಾ ಇರಲಿ.

ಒಂದು ಮಾತು ಗಟ್ಟಿಯಾಗೂ ಬರೀಲಿಲ್ಲ, ಗೆರಿಯೊಳಗೂ ಬರೀಲಿಲ್ಲ. ಹುಕುಮಿನ ಕಡೀ ಸಾಲು ಚಂದೂಗ ಓದಾಕ ಬರೂದಿಲ್ಲ. ರಜಾ ಸುರು ಆಗೂದು ಕೂಸು ಹುಟ್ಟಿದ ದಿನದಿಂದ. ಅಲ್ಲಿತನಕ ಇನ್ನೂ ಎರಡು ತಿಂಗಳು ನಾನು ಹತ್ತಕ್ಕ ಕಚೇರಿಗಿ ಹೋಗೂದು ತಪ್ಪೂದಿಲ್ಲ, ಹುಡುಗಿ ಒಬ್ಬಾಕಿ ಆಗ್ತಾಳ. ನೀವು ಅಂದದ್ದು ಅಷ್ಟರ ಮಟ್ಟಿಗಿ ಖರೇ ಅದ. ಇದನ್ನ ಕೇಳಿದ ಮ್ಯಾಲ ಕಳಸೂದಿಲ್ಲ ಅಂದ್ರೂ ನಾನು ಎದುರು ಆಡೂದಿಲ್ಲ. ಆದರ ಎರಡನೇ ಗಾದಿ ಹಾಕಿದ್ದು ನಿಮಗಂತ. ನೀವೂ ಬರ್ರಿ. ಬೀಗರು ಭಾಗಣ್ಣನವರನ್ನೂ ಕರ್ಕೊಂಡು ಬರ್ರಿ, ನನ್ನ ಕಟ್ಟಿ ಮ್ಯಾಲ ಪಗಡಿಗಿ ಜೋಡಿ ಇಲ್ಲ. ಬಂದು ನನ್ನ ಒಲಿ ನೋಡಿ, ಎಷ್ಟು ಬೈತೀರಿ ಬೈರಿ.

ನೀವು ಇಪ್ಪತ್ತೆಂಟು ವರ್ಷ ಒಂದೇ ಒಲಿ ಮುಂದ ನೌಕರಿ ಮಾಡೀರಿ, ಒಂದು ದಿನ ರುಖಸತ್ ತಗೊಂಡಿಲ್ಲ. ಕೊಡೋರು ಯಾರು ಅಂತೀರಿ. ಹುಕುಮಿನ ನಕಲಿನ ಹಿಂದ ಕಚೇರಿಯ ಒಂದು ಖಾಲಿ ಅರ್ಜಿ ಇಟ್ಟೀನಿ. ಹೆಸರಿನ ಖಾನೆ ತುಂಬೀನಿ: ಗೊಲ್ಲಾಳಮ್ಮ. ಕಾರಣದ ಖಾನೆನೂ ತುಂಬೀನಿ: ಮೊಮ್ಮಗು. ಹೆಬ್ಬಟ್ಟಿನ ಜಾಗ ಒಂದೇ ಖಾಲಿ ಉಳಿದದ. ಮಾಸ್ತರ ಕಡಿ ಶಾಯಿ ಇರ್ತದ.