ಕಿತ್ತಳೆ ಪಟ್ಟಿ ಕಟ್ಟಿಸಿದ್ದು ಯಾರು?

ಮಾನ್ಯ ಪುರಸಭಾ ಶಿಕ್ಷಣ ನಿರ್ದೇಶಕರೇ,

ಶಾಲೆಯ ಹಿಂದಿನ ಕಾಡು ನೆಲಸಮವಾದ ಬಗ್ಗೆ ನಿಮ್ಮ ಕಚೇರಿ ಹೊರಡಿಸಿದ ವರದಿಯಲ್ಲಿ ಒಂದು ಸುಳ್ಳಿದೆ. "ಎಂಟನೇ ತರಗತಿಯ ವಿದ್ಯಾರ್ಥಿನಿಯೊಬ್ಬಳು ಯಾರನ್ನೂ ಕೇಳದೆ ಕಟ್ಟಿದ ಪಟ್ಟಿಯಿಂದ ಗೊಂದಲ ಉಂಟಾಯಿತು" ಎಂದು ಮೂರನೇ ಪುಟದಲ್ಲಿ ಬರೆದಿದ್ದೀರಿ. ಹೆಸರು ಹಾಕದೆ ಔದಾರ್ಯವನ್ನೂ ಮೆರೆದಿದ್ದೀರಿ. ಆ ತರಗತಿಯಲ್ಲಿ ಇದ್ದದ್ದೇ ಐದು ಜನ ಹುಡುಗಿಯರು. ಅದು ಸಾಯ್ಮಿ ಎಂದು ಕೈನು ಸೀಮೆಯ ಈ ಮೂಲೆಯಲ್ಲಿ ಹಾಲು ಕೊಳ್ಳಲು ನಿಂತವರಿಗೆಲ್ಲ ಗೊತ್ತು. ಅದೇ ವರದಿಯನ್ನು ನೆಪ ಮಾಡಿಕೊಂಡು ಕಾಡಿನ ಪಾಠಗಳನ್ನೂ ನಿಲ್ಲಿಸಿದ್ದೀರಿ. ನಿಮ್ಮ ಮೇಲಿನ ಸಿಟ್ಟಿನಲ್ಲೇ ಈ ಪತ್ರ ಶುರು ಮಾಡಿದೆ. ಆದರೆ ಆ ಸುಳ್ಳಿನಲ್ಲಿ ನನಗೂ ಪಾಲಿದೆ, ಮತ್ತು ನಾಚಿಕೆಯಿಂದ ನನಗೆ ತಲೆ ಎತ್ತಲಾಗುತ್ತಿಲ್ಲ.

ಇಪ್ಪತ್ತೆರಡು ವರ್ಷಗಳಿಂದ ನಾನು ಮಕ್ಕಳಿಗೆ ರಬ್ಬರ್ ಬೂಟು ಹಾಕಿಸಿ ಆ ಕಾಡಿಗೆ ಕರೆದೊಯ್ದಿದ್ದೇನೆ. ನಮ್ಮಲ್ಲಿ ಕಾಡಿನ ಜಾತಿಯನ್ನು ಮರ ನೋಡಿ ಹೇಳುವುದಿಲ್ಲ, ಮಂಡಿಯೂರಿ ನೆಲ ನೋಡಿ ಹೇಳುತ್ತೇವೆ. ಹುಳಿ ಎಲೆಯ ಪುಟ್ಟ ಗಿಡವಿದ್ದರೆ ಒಂದು ಬಗೆ, ನೀಲಿ ಬೆರ್ರಿಯ ಪೊದೆಯಿದ್ದರೆ ಇನ್ನೊಂದು, ಬರೀ ಕಲ್ಲುಹೂವಿದ್ದರೆ ಮತ್ತೊಂದು. ಕಳೆದ ಏಪ್ರಿಲ್‌ನಲ್ಲಿ ಸಾಯ್ಮಿ ಹಾಗೆ ಮಂಡಿಯೂರಿದ್ದವಳು ಕೂಗಿಕೊಂಡಳು: "ಟೀಚರ್, ಬೇಗ ಬನ್ನಿ! ಅಯ್ಯೋ, ನಿಧಾನ, ತುಳಿದುಬಿಟ್ಟೀರ!" ಹಳೆಯ ಆಸ್ಪೆನ್ ಮರದ ಬುಡದಲ್ಲಿ ಅಕ್ಕಿಕಾಳಿನಂಥ ಹಳದಿ ಹಿಕ್ಕೆಗಳಿದ್ದವು. ಹಾರುವ ಅಳಿಲಿನವು. ಅದು ಇದ್ದ ಮರವನ್ನು ಮುಟ್ಟುವಂತಿಲ್ಲವೆಂದು ಕಾನೂನೇ ಇದೆ.

ಆ ಮರಕ್ಕೂ ಅದರ ಸುತ್ತಲಿನ ಕಾಡಿಗೂ ಗುರುತು ಬೇಕಿತ್ತು. ನನ್ನ ಚೀಲದಲ್ಲಿದ್ದದ್ದು ಕಿತ್ತಳೆ ಬಣ್ಣದ ಪಟ್ಟಿಯ ಸುರುಳಿ. ಅಂಗಡಿಯಲ್ಲಿ ಬೇರೆ ಬಣ್ಣ ಮುಗಿದಿತ್ತು. ಸಾಯ್ಮಿ ಅದನ್ನು ಕೈಯಲ್ಲಿ ಹಿಡಿದು ಅನುಮಾನದಿಂದ ನೋಡಿದಳು.

"ಟೀಚರ್, ಇದು ಕಡಿಯೋ ಬಣ್ಣ ಅಲ್ವಾ? ನಮ್ಮ ಮಾವ ಇದನ್ನ ನೋಡ್ಕೊಂಡೇ ಮಷೀನ್ ಓಡಿಸೋದು."

"ಶಾಲೆ ಕಾಡಲ್ಲಿ ಯಾರೇ ಕಡೀತಾರೆ? ಸುಮ್ನೆ ಸುತ್ತ ಕಟ್ಟು. ನಿಂಗೆ ಎಲ್ಲಾದ್ರಲ್ಲೂ ಅನುಮಾನ."

ಕಿತ್ತಳೆ ಪಟ್ಟಿಯ ಒಳಗಿರುವುದನ್ನೆಲ್ಲ ಕಡಿಯಬೇಕು ಎಂಬುದು ಇಲ್ಲಿ ಬೂಟು ಹಾಕಲು ಕಲಿತ ಮಗುವಿಗೂ ಗೊತ್ತು. ಇಲ್ಲೇ ಹುಟ್ಟಿ ಬೆಳೆದ ನನಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಆ ಕಾಡು ನನ್ನದೆಂಬ ಠೇಂಕಾರ ಇತ್ತು, ಅಷ್ಟೆ.

ಇನ್ನು ನಿಮ್ಮ ಸಾಧನೆಗೆ ಬರೋಣ. ಪಕ್ಕದ ತೋಪನ್ನು ಪುರಸಭೆ ಮರ ಕಡಿಯಲು ಮಾರಿದ್ದನ್ನು ನಿಮ್ಮ ಕಚೇರಿ ಶಾಲೆಗೆ ತಿಳಿಸಿತೇ? ಜಾಲತಾಣದ ಯಾವುದೋ ಕಡತದೊಳಗೆ ಪ್ರಕಟಿಸಿದ್ದೆವು ಎನ್ನುತ್ತೀರಿ. ಬೇಸಿಗೆ ರಜೆಯಲ್ಲಿ ಮೇಷ್ಟರುಗಳು ಕೆರೆಯ ದಂಡೆ ಬಿಟ್ಟು ನಿಮ್ಮ ಕಡತ ಬಿಚ್ಚಿ ಕೂರಬೇಕಿತ್ತೇನೋ! ಜುಲೈನಲ್ಲಿ ಯಂತ್ರ ಬಂತು. ಓಡಿಸಿದವನು ಸಾಯ್ಮಿಯ ಸೋದರಮಾವ ಉರ್ಪೋ. ಪಕ್ಕದ ತೋಪಿನ ಪಟ್ಟಿ ಮುಗಿದಲ್ಲಿ ನಮ್ಮ ಪಟ್ಟಿ ಕಂಡಿದೆ. ಅವನು ಹಾಗೇ ಮುಂದುವರಿದು ಅದರೊಳಗಿನ ನಮ್ಮ ಕಾಡನ್ನೂ ಕಡಿದಿದ್ದಾನೆ. ವಿಷಯ ತಿಳಿದ ದಿನ ನನ್ನ ಅಂಗಳಕ್ಕೆ ಬಂದು ಟೋಪಿ ತೆಗೆದು ನಿಂತ.

"ನಕ್ಷೆ ಆಫೀಸಲ್ಲಿ ಕೂತೋರು ಬರೀತಾರೆ ಟೀಚರಮ್ಮ, ಪಟ್ಟಿ ಕಾಡು ತುಳಿದೋರು ಕಟ್ತಾರೆ. ನಾನು ಪಟ್ಟಿ ನಂಬ್ದೆ. ಯಾರು ಕಟ್ಟಿದ್ದು ಅದನ್ನ?"

"ವಿಚಾರಣೆ ಆಗ್ಲಿ, ಗೊತ್ತಾಗುತ್ತೆ," ಎಂದೆ. ನಿಮ್ಮ ಕಚೇರಿಯವರೇ ಮೆಚ್ಚುವಂಥ ಉತ್ತರ.

ಆಗಸ್ಟ್‌ನ ಸಭೆ ನಿಮಗೆ ನೆನಪಿರಬಹುದು. ಮೇಜಿನ ಮೇಲೆ ಕಾಫಿ, ಏಲಕ್ಕಿ ಬನ್ನು, ಸುತ್ತ ಹನ್ನೊಂದು ಜನ. "ಪಟ್ಟಿ ಕಟ್ಟಿದ್ದು ಯಾರಮ್ಮ?" ಎಂದು ನೀವು ಕೇಳಿದಿರಿ. "ನಾನೇ ಕಟ್ಟಿದ್ದು," ಎಂದಳು ಸಾಯ್ಮಿ, ಮತ್ತು ನನ್ನ ಕಡೆ ನೋಡಿದಳು. ನಾನು ಬನ್ನಿನ ಮೇಲಿನ ಸಕ್ಕರೆ ನೋಡುತ್ತಿದ್ದೆ. "ಸರಿ, ಮುಗೀತಲ್ಲ," ಎಂದು ಬರೆದುಕೊಂಡಿರಿ. ಕಟ್ಟು ಎಂದವರು ಯಾರು ಎಂಬ ಎರಡನೇ ಪ್ರಶ್ನೆ ನಿಮಗೇಕೆ ಹೊಳೆಯಲಿಲ್ಲ? ಕೇಳಿದ್ದರೆ ನಿಮ್ಮ ಕಡತದ ಮಾತೂ ಬರುತ್ತಿತ್ತು. ನಿಮಗೂ ನನಗೂ ಅದು ಅನುಕೂಲದ ಮೌನ. ಈ ದೇಶದಲ್ಲಿ ಮಾತಾಡದೆ ಕೂತವರನ್ನು ಗಂಭೀರ ಸ್ವಭಾವದವರು ಎನ್ನುತ್ತಾರೆ. ಅಂದು ನಾನು ಹೇಡಿಯಾಗಿದ್ದೆ.

ಈಗ ನೀವು ಮಕ್ಕಳಿಗೆ ಪರದೆಯ ಮೇಲಿನ ಕಾಡು ಕೊಟ್ಟಿದ್ದೀರಿ. ಬೆರಳಿಟ್ಟರೆ ಗಿಡದ ಹೆಸರು ಬರುತ್ತದೆ. ಸೊಳ್ಳೆಯಿಲ್ಲ, ಕೆಸರಿಲ್ಲ, ಯಾರೂ ಏನನ್ನೂ ಕಂಡುಹಿಡಿಯುವ ಅಪಾಯವೂ ಇಲ್ಲ. ಮೊನ್ನೆ ಹುಳಿ ಎಲೆಯ ಚಿತ್ರ ತೋರಿಸಿ ಇದು ಯಾವ ಕಾಡಿನದು ಎಂದು ಸಾಯ್ಮಿಯನ್ನು ಕೇಳಿದೆ. ಕಣ್ಣು ಮುಚ್ಚಿಕೊಂಡು ಹೇಳುತ್ತಿದ್ದ ಹುಡುಗಿ, "ಗೊತ್ತಿಲ್ಲ," ಎಂದಳು. ಈ ಚಳಿಗಾಲ ಅರಣ್ಯ ಶಾಲೆಗೆ ಅರ್ಜಿ ಹಾಕಬೇಕೆಂದಿದ್ದವಳು ಈಗ ಆ ಮಾತನ್ನೇ ಎತ್ತುತ್ತಿಲ್ಲ.

ನಿನ್ನೆ ಅವಳ ಮನೆಗೆ ಹೋಗಿ ಅಡುಗೆಮನೆಯಲ್ಲಿ ನಿಂತುಕೊಂಡೇ ಕ್ಷಮೆ ಕೇಳಿದೆ. ಅವಳು ಆಲೂಗಡ್ಡೆ ಸುಲಿಯುವುದನ್ನು ನಿಲ್ಲಿಸಲಿಲ್ಲ.

"ಇಲ್ಲಿ ಹೇಳಿದ್ರೆ ಏನು ಬಂತು ಟೀಚರ್? ಅವತ್ತು ಅಲ್ಲಿ ಹೇಳ್ತೀರ ಅಂತ ಕಾಯ್ತಿದ್ದೆ."

ಅದಕ್ಕೇ ಈ ಪತ್ರ ಪತ್ರಿಕೆಗೆ ಹೋಗುತ್ತಿದೆ. ನಿಮ್ಮಲ್ಲಿ ನನ್ನ ಆಗ್ರಹ ಇಷ್ಟು: ಮೂರನೇ ಪುಟದಲ್ಲಿ "ವಿದ್ಯಾರ್ಥಿನಿ" ಎಂಬುದನ್ನು ಹೊಡೆದುಹಾಕಿ ನನ್ನ ಹೆಸರು ಬರೆಯಿರಿ, ಅದರ ಕೆಳಗೆ ನಿಮ್ಮ ಕಡತದ ಸಂಗತಿಯನ್ನೂ ಬರೆಯಿರಿ. ಕಾಡಿನ ಪಾಠಗಳನ್ನು ಮತ್ತೆ ಶುರು ಮಾಡಿ. ನಾನು ತಕ್ಕವಳಲ್ಲವೆಂದರೆ ಬೇರೆಯವರಿಂದ ಮಾಡಿಸಿ. ಅದೇ ಹನ್ನೊಂದು ಜನರನ್ನು ಮತ್ತೆ ಕರೆಯಿರಿ. ಸಾಯ್ಮಿ ಬರುತ್ತಾಳೋ ಇಲ್ಲವೋ ಗೊತ್ತಿಲ್ಲ, ಬಾ ಎನ್ನುವ ಹಕ್ಕು ನನಗಿಲ್ಲ. ಆದರೂ ಅವಳಿಗೊಂದು ಕುರ್ಚಿ ಇಡಿಸಿ.

ಇಂತಿ,
ಮೂರು ತಿಂಗಳು ತಡವಾಗಿ ಬಾಯಿ ಬಿಟ್ಟ ಜೀವಶಾಸ್ತ್ರದ ಟೀಚರ್,
ಟೆಲ್ಲೆರ್ವೊ ಕಾರ್ಪಿನೆನ್