ಡ್ರ್ಯಾಗನ್ ಗುಹೆಯ ಹೊಗೆ

ಅಕ್ಕಾ,

ಗುಹೆಯೊಳಗೆ ಫೋನ್ ಸಿಗುವುದಿಲ್ಲ. ಕಸ ಗುಡಿಸುವ ಚಿಕ್ಕಮ್ಮನ ಕೈಲಿ ಈ ಚೀಟಿ ಕಳಿಸುತ್ತಿದ್ದೇನೆ. ನೀನು ಮೊದಲ ಬಂಡಿ ಬಿಡುವ ಮುಂಚೆ ಓದು.

ನಮ್ಮ ರೋಲರ್ ಕೋಸ್ಟರಿನ ಡ್ರ್ಯಾಗನ್ ಎಂಥ ಮೈಗಳ್ಳ ಅಂತ ನಿನಗೆ ಗೊತ್ತು. ಬಂಡಿ ದಾಟಿಹೋದ ಮೇಲೆ ಘರ್ಜಿಸುತ್ತದೆ, ಬೇಡದ ಹೊತ್ತಲ್ಲಿ ಹೊಗೆ ಉಗುಳುತ್ತದೆ. ಅದು ಕೈಕೊಟ್ಟಾಗ ಗೋಡೆಯ ಹಿಂದೆ ನಿಂತು ಘರ್ಜಿಸುವವನು ನಾನೇ. ಹೋದ ವಾರ ಅದರ ಹೊಗೆ ಕಂಡು ಬೆಂಕಿ ಬಿತ್ತೆಂದು ಕೂಗಿ, ಸವಾರಿ ನಿಲ್ಲಿಸಿ, ನಗೆಪಾಟಲಾದವನೂ ನಾನೇ.

ನಿನ್ನೆ ಮನೆಯಲ್ಲಿ ನೀನು, "ಇವತ್ತು ನಿನ್ ಡ್ರ್ಯಾಗನ್ ಚೆನ್ನಾಗಿ ಹೊಗೆ ಬಿಡ್ತು ಕಣೋ, ಜನ ಚಪ್ಪಾಳೆ ಹೊಡೆದ್ರು" ಅಂದೆ. ಆದರೆ ಅದರ ಹೊಗೆ ಯಂತ್ರವನ್ನು ನಾನು ಬೆಳಿಗ್ಗೆಯೇ ಬಿಚ್ಚಿ ರಿಪೇರಿಗೆ ಒಯ್ದು, ಸಂಜೆವರೆಗೂ ಅಂಗಡಿಯಲ್ಲೇ ಇದ್ದೆ.

ಕಣ್ಣಾರೆ ನೋಡದೆ ಹೇಳಿ ಮತ್ತೆ ನಗೆಪಾಟಲಾಗುವುದು ಬೇಡವೆಂದು ಇವತ್ತು ಬೇಗ ಬಂದು ಟಾರ್ಚ್ ಹಿಡಿದು ನೋಡಿದೆ. ಗುಹೆಯೊಳಗಿನ ಇಳಿಜಾರಿನ ಬ್ರೇಕು ಸುಟ್ಟು ಕರಕಲಾಗಿದೆ. ಓಡಿಹೋಗಿ ಮ್ಯಾನೇಜರಿಗೆ ಹೇಳಿದರೆ, "ಮತ್ತೆ ಶುರು ಮಾಡಿದ್ಯಾ? ಹೋಗಿ ನಿನ್ ಕೆಲಸ ನೋಡು" ಅಂದರು. ನೀನಿನ್ನೂ ಬಂದಿರಲಿಲ್ಲ.

ಅವರು ಎಷ್ಟೇ ಗದರಿದರೂ ಬಟನ್ ಒತ್ತಬೇಡ. ಈ ಕೆಲಸ ಸಿಗಲು ನೀನೆಷ್ಟು ಅಲೆದೆ ಅಂತ ನನಗೆ ಗೊತ್ತು, ಅದಕ್ಕೇ ತಪ್ಪು ನಿನ್ನ ತಲೆಗೆ ಬರದ ಹಾಗೆ ಮಾಡಿದ್ದೇನೆ. ಬ್ರೇಕಿನವರನ್ನು ಕರೆಸಲು ಹೇಳು. ನನ್ನ ಊಟದ ಡಬ್ಬಿ ಚಿಕ್ಕಮ್ಮನ ಕೈಲಿ ಕಳಿಸು, ಹೊತ್ತಾಗಬಹುದು.

ಬಂಡಿ ಯಾಕೆ ಬಿಡಲಿಲ್ಲ ಎಂದು ಕೇಳಿದರೆ, ತಮ್ಮ ಹಳಿಯ ಮೇಲೆ ಕೂತಿದ್ದಾನೆ ಅನ್ನು. ಸುಳ್ಳಲ್ಲ. ಇದನ್ನು ಅಲ್ಲೇ ಕೂತು ಬರೆಯುತ್ತಿದ್ದೇನೆ.

ನಿನ್ನ ತಮ್ಮ